ಜೇಬಿನಲ್ಲೊಂದು 10ಎಕ್ಸ್ ಲೆನ್ಸ್, ಮೊಗ್ಗು ಉಬ್ಬುವ ಕಾಲಕ್ಕೆ

ನಾನು ಆಫ್‌ಸೆಟ್ ಪ್ರೆಸ್ಸಿನಲ್ಲಿ 26 ವರ್ಷದಿಂದ ಮೆಷಿನ್ ಓಡಿಸುತ್ತಿದ್ದೇನೆ. ನಮ್ಮ ಕೆಲಸದಲ್ಲಿ ಲೆನ್ಸ್ ಹಿಡಿದು ನೋಡದೆ ಒಂದು ಬಣ್ಣದ ಹಾಳೆಯೂ ಹೊರಗೆ ಹೋಗುವುದಿಲ್ಲ. ನಾಲ್ಕು ಬಣ್ಣದ ಚುಕ್ಕೆಗಳು ತಮ್ಮ ತಮ್ಮ ಜಾಗದಲ್ಲಿ ಕೂತಿವೆಯಾ, ರಿಜಿಸ್ಟರ್, ಅಂದರೆ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವ ಹೊಂದಿಕೆ, ಜಾರಿದೆಯಾ ಅಂತ ಬಗ್ಗಿ ನೋಡಲೇಬೇಕು. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಹೋದಾಗ ಆ ಲೆನ್ಸ್ ಅಂಗಿಯ ಜೇಬಿನಲ್ಲೇ ಉಳಿದುಬಿಟ್ಟಿತ್ತು. ಮಾವಿನ ಮರದ ತಗ್ಗಿನ ಕೊಂಬೆಯೊಂದು ಮುಖಕ್ಕೆ ತಾಗಿತು. ಸುಮ್ನೆ ಅದರ ತುದಿಯನ್ನು ಲೆನ್ಸಿನಡಿ ತಂದು ನೋಡಿದೆ. ಅವತ್ತು ಜನವರಿ 9. ಆಮೇಲೆ ಒಂದು ವರ್ಷವೂ ಜನವರಿಯನ್ನು ಲೆನ್ಸ್ ಇಲ್ಲದೆ ಕಳೆದಿಲ್ಲ.

ಪ್ರೆಸ್ಸಿನ ಲೆನ್ಸ್ ಹಾಳೆಯ ಮೇಲೆ ನಿಲ್ಲಿಸುವಂಥದ್ದು, ಮಡಚುವ ಚೌಕಟ್ಟು ಇರುತ್ತದೆ. ಕಾಗದಕ್ಕೆ ಬಹಳ ಒಳ್ಳೆಯದು, ಕೊಂಬೆಗೆ ಹಿಡಿಯಲು ಕಷ್ಟ. ಹಾಗಾಗಿ ಗಿಡಗಳಿಗೆ ಅಂತಲೇ ಒಂದು ಬೇರೆ ತರಿಸಿದೆ. ನಾನು ಇಲ್ಲಿ ಹೇಳಹೊರಟಿರುವುದು ಅದರ ಬಗ್ಗೆ. 10ಎಕ್ಸ್ ಟ್ರಿಪ್ಲೆಟ್, ಅಂದರೆ 10 ಪಟ್ಟು ದೊಡ್ಡದು ಮಾಡುವ, ಮೂರು ಗಾಜು ಕೂಡಿಸಿದ ಲೆನ್ಸ್, ಗಾಜಿನ ಅಗಲ 21 ಮಿಲಿಮೀಟರ್, ಲೋಹದ ಕವಚದೊಳಕ್ಕೆ ತಿರುಗಿಸಿ ಮುಚ್ಚಿಡುವಂಥದ್ದು. ಒಡವೆ ಕೆಲಸದವರು ಬಳಸುವುದೂ ಇದನ್ನೇ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಕಂಪನಿಯ ಹೆಸರು ಹೇಳುತ್ತಿಲ್ಲ. ಈ ವಸ್ತುವಿನಲ್ಲಿ ಕಂಪನಿಗಿಂತ ಎರಡು ವಿಷಯ ಮುಖ್ಯ: ನಿಜವಾಗಿ 10 ಪಟ್ಟು ದೊಡ್ಡದು ಮಾಡುತ್ತದೆಯೇ, ಒಳಗೆ ನಿಜವಾಗಿ ಮೂರು ಗಾಜು ಇದೆಯೇ. ಅದನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು, ಇದರಲ್ಲಿ ಏನು ಕಾಣುತ್ತದೆ ಅನ್ನುವುದನ್ನು ಹೇಳಲೇಬೇಕು. ನನಗೆ ಅದೇ ದೊಡ್ಡದು.

ಜನವರಿ ಮೊದಲ ವಾರದಲ್ಲಿ ಮಾವಿನ ಮರವನ್ನು ಹತ್ತು ಹೆಜ್ಜೆ ದೂರದಿಂದ ನೋಡಿ. ಕಡುಹಸಿರು ಎಲೆ, ಧೂಳು, ಅಷ್ಟೇ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ದೂರದ ಮರವೂ ಹಾಗೇ. ಈಗ ಒಂದು ಕೊಂಬೆಯ ತುದಿ ಹಿಡಿದು ಲೆನ್ಸ್ ಇಡಿ. ಮಲಗಿರುವ ಮೊಗ್ಗು ಚೂಪಾಗಿರುತ್ತದೆ. ಕಂದು ಬಣ್ಣದ ಸಣ್ಣ ಸಣ್ಣ ಪೊರೆಗಳು ಒಂದರ ಮೇಲೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ, ಬೆರಳ ಉಗುರಿನ ತುದಿಯೂ ಒಳಗೆ ಹೋಗದಷ್ಟು. ಏಳುತ್ತಿರುವ ಮೊಗ್ಗು ಹಾಗಲ್ಲ. ಅದರ ಹೊಟ್ಟೆ ದುಂಡಗಾಗಿರುತ್ತದೆ. ಪೊರೆಗಳ ನಡುವೆ ಬಿರುಕು ಬಿಟ್ಟು, ಆ ಬಿರುಕಿನಲ್ಲಿ ತಿಳಿಹಸಿರಿನ ಒಂದು ಗೆರೆ ಕಾಣುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆ. ಬರಿಗಣ್ಣಿಗೆ ಅದು ಸಿಗುವುದೇ ಇಲ್ಲ. ನನ್ನ ಮಟ್ಟಿಗೆ ವರ್ಷದ ಮೊದಲ ವಸಂತ ಅಂದರೆ ಆ ಗೆರೆ.

ಅವತ್ತು ಜನವರಿ 9ಕ್ಕೆ ಆ ಗೆರೆ ಕಂಡ ಕೊಂಬೆಯ ಮೇಲೆ, ಹಿತ್ತಲ ಬಾಗಿಲಲ್ಲಿ ನಿಂತರೆ ಕಾಣುವಷ್ಟು ಹೂಗೊಂಚಲು ಬಂದದ್ದು ಫೆಬ್ರವರಿ 4ಕ್ಕೆ. 26 ದಿನ. ಆ 26 ದಿನ ಮರ ಸುಮ್ಮನಿರಲಿಲ್ಲ, ನಾವು ನೋಡುತ್ತಿರಲಿಲ್ಲ. ಆಮೇಲಿನ ಮೂರು ವರ್ಷವೂ ಅದೇ ಕೊಂಬೆಯನ್ನು ಗುರುತಿಟ್ಟುಕೊಂಡು ಬರೆದಿದ್ದೇನೆ. 19 ದಿನದಿಂದ 27 ದಿನದವರೆಗೆ ಹೆಚ್ಚುಕಡಿಮೆ ಆಗಿದೆ. ಒಂದು ಚಿಕ್ಕ ಗಾಜು ನನಗೆ ವಸಂತವನ್ನು ಮೂರು ವಾರ ಮೊದಲೇ ಕೊಡುತ್ತದೆ ಅಂದರೆ ಅದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ಉಬ್ಬಿದ್ದೆಲ್ಲ ಹೂವಾಗುವುದಿಲ್ಲ ಅನ್ನುವುದನ್ನೂ ಲೆನ್ಸೇ ಕಲಿಸಿತು. ಕೆಲವು ಮೊಗ್ಗು ಬರೀ ಚಿಗುರಾಗುತ್ತವೆ, ಕೆಲವು ಹೂಗೊಂಚಲಾಗುತ್ತವೆ, ಕೆಲವು ಎರಡೂ ಕೂಡಿ ಬರುತ್ತವೆ. ಗೆರೆ ಕಂಡ ಒಂದು ವಾರಕ್ಕೆ ಮತ್ತೆ ನೋಡಿದರೆ ಗೊತ್ತಾಗುತ್ತದೆ. ಪೊರೆಯ ಕಂಕುಳಲ್ಲಿ ಸಾಸಿವೆಗಿಂತ ಸಣ್ಣ ಗುಬುಟುಗಳು ಕಂಡರೆ ಅದು ಹೂವು. ಕಿರಿದಾಗಿ ಮಡಚಿಕೊಂಡ ಎಲೆಗಳು ಕಂಡರೆ ಅದು ಚಿಗುರು. ಈ ವರ್ಷ ದಕ್ಷಿಣದ ಕಡೆಯ ಕೊಂಬೆಗಳಲ್ಲಿ ಚಿಗುರೇ ಜಾಸ್ತಿ ಅಂತ ಜನವರಿಯಲ್ಲೇ ಬರೆದಿಟ್ಟಿದ್ದೆ. ಹಾಗೇ ಆಯಿತು.

ಹೂವು ಬಿಚ್ಚಿದ ಮೇಲೆ ಒಂದನ್ನು ತಾಳ್ಮೆಯಿಂದ ನೋಡಿ. ಒಂದು ಮಾವಿನ ಹೂವು ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಒಂದೊಂದು ಗೊಂಚಲಲ್ಲಿ ಅಂಥವು ನೂರಾರು, ಕೆಲವು ಸಲ ಸಾವಿರ ದಾಟುತ್ತವೆ. ಐದು ಎಸಳು. ಪ್ರತಿ ಎಸಳಿನ ಬುಡದಿಂದ ಹಳದಿ ಏಣುಗಳು ಎದ್ದಿರುತ್ತವೆ. ಹೂವು ಹಳೆಯದಾದಂತೆ ಆ ಏಣು ಕಿತ್ತಳೆಗೆ, ಆಮೇಲೆ ಕೆಂಪಿಗೆ ತಿರುಗುತ್ತದೆ. ಹಾಗಾಗಿ ಒಂದೇ ಗೊಂಚಲಲ್ಲಿ ಇವತ್ತು ಬಿಚ್ಚಿದ್ದು ಯಾವುದು, ಹಳೆಯದು ಯಾವುದು ಅಂತ ಬಣ್ಣದಲ್ಲೇ ಹೇಳಬಹುದು. ನಡುವೆ ಉಬ್ಬಿದ ಒಂದು ತಟ್ಟೆ, ಅದರ ಪಕ್ಕದಲ್ಲಿ ಸಾಮಾನ್ಯವಾಗಿ ಒಂದೇ ಒಂದು ದೊಡ್ಡ ಕೇಸರ. ಉಳಿದ ಕೇಸರಗಳು ಹೆಸರಿಗೆ ಮಾತ್ರ, ಕುಳ್ಳಗೆ ನಿಂತಿರುತ್ತವೆ. ಕೆಲವು ಹೂವಿನ ತಟ್ಟೆಯ ಮೇಲೆ ದುಂಡನೆಯ ಹಸಿರು ಹನಿಯಂಥದ್ದು ಕೂತಿರುತ್ತದೆ. ಕಾಯಿ ಆಗುವುದು ಅದೇ. ಅದಿಲ್ಲದ ಹೂವು ಗಂಡು. ಎರಡೂ ಥರದವು ಒಂದೇ ಗೊಂಚಲಲ್ಲಿ ಅಕ್ಕಪಕ್ಕ ಇರುತ್ತವೆ. ಮಾವಿನ ಹೂವು ಅಷ್ಟೊಂದು ಉದುರುತ್ತದಲ್ಲ ಅಂತ ನಾನು ಚಿಕ್ಕಂದಿನಿಂದ ಮರುಗುತ್ತಿದ್ದೆ. ಅದರಲ್ಲಿ ಎಷ್ಟೋ ಹೂವು ಕಾಯಿ ಕಟ್ಟುವುದಕ್ಕೆ ಹುಟ್ಟಿದ್ದೇ ಅಲ್ಲ ಅಂತ 49ನೇ ವಯಸ್ಸಿನಲ್ಲಿ ಕಣ್ಣಾರೆ ಕಂಡೆ.

ಬಣ್ಣದ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಪ್ರೆಸ್ಸಿನಲ್ಲಿ ಎಂಥ ಚಂದದ ಚಿತ್ರವನ್ನೂ ಲೆನ್ಸಿನಡಿ ಇಟ್ಟರೆ ಅದು ಚುಕ್ಕೆಯಾಗಿ ಒಡೆದುಹೋಗುತ್ತದೆ. ಸಯಾನ್, ಮೆಜೆಂಟಾ, ಹಳದಿ, ಕಪ್ಪು. ಎಲೆಯ ಹಸಿರು ಅಂದರೆ ಸಯಾನ್ ಮತ್ತು ಹಳದಿಯ ಚುಕ್ಕೆ. ಇಷ್ಟು ವರ್ಷ ಲೆನ್ಸ್ ಇಟ್ಟಾಗಲೆಲ್ಲ ಬಣ್ಣ ಒಡೆಯುವುದನ್ನೇ ನೋಡಿದವನು ನಾನು. ಮೊದಲ ಸಲ ಅರಳಿಯ ಎಳೆ ಎಲೆಯ ಮೇಲೆ ಲೆನ್ಸ್ ಇಟ್ಟಾಗ ಬಣ್ಣ ಒಡೆಯಲಿಲ್ಲ. ತಾಮ್ರದ ಬಣ್ಣ ಇನ್ನೂ ಆಳಕ್ಕೆ ಹೋಯಿತು. ನರಗಳ ಪಕ್ಕದಲ್ಲಿ ಹಸಿರು ತೆಳ್ಳಗೆ ಶುರುವಾಗಿತ್ತು, ನರದಿಂದ ದೂರಕ್ಕೆ ಹೋದಂತೆ ಕೆಂಪು ಉಳಿದಿತ್ತು. ಎಲ್ಲಿ ಕೆಂಪು ಮುಗಿಯಿತು, ಎಲ್ಲಿ ಹಸಿರು ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗಲಿಲ್ಲ. ಎಳೆ ಎಲೆಯಲ್ಲಿ ಆಂಥೋಸಯಾನಿನ್ ಎಂಬ ಕೆಂಪು ಬಣ್ಣದ ವಸ್ತು ಮೊದಲು ತುಂಬಿಕೊಂಡಿರುತ್ತದೆ, ಹಸಿರು ಕೊಡುವ ಕ್ಲೋರೋಫಿಲ್ ನಿಧಾನಕ್ಕೆ ಬರುತ್ತದೆ. ಬಲಿಯದ ಎಲೆಯನ್ನು ಕಡುಬಿಸಿಲಿನಿಂದ ಕಾಯುವುದಕ್ಕೆ ಆ ಕೆಂಪು ನೆರವಾಗುತ್ತದೆ. ಮಾವಿನ ಚಿಗುರು, ಬೇವಿನ ಚಿಗುರು ಕೆಂಪಾಗಿರುವುದೂ ಇದೇ ಕಾರಣಕ್ಕೆ. ಆ ಬಣ್ಣವನ್ನು ಹಾಳೆಯ ಮೇಲೆ ತರಲು ನಾನು ಎಷ್ಟೋ ಸಲ ಒದ್ದಾಡಿದ್ದೇನೆ. ಈಗ ಯಾಕೆ ಬರುವುದಿಲ್ಲ ಅಂತ ಗೊತ್ತಾಯಿತು.

ಅರಳಿಯಲ್ಲಿ ಇನ್ನೂ ಒಂದು ಇದೆ. ಅದರ ಚಿಗುರಿನ ತುದಿಗೆ ಚೂಪಾದ ಒಂದು ಟೋಪಿ ಇರುತ್ತದೆ. ಒಳಗಿನ ಎಲೆ ಬಿಚ್ಚಿಕೊಳ್ಳುವಾಗ ಆ ಟೋಪಿ ಕಳಚಿ ಬೀಳುತ್ತದೆ. ಅದು ಇದ್ದ ಜಾಗದಲ್ಲಿ ಕೊಂಬೆಯ ಸುತ್ತ ಉಂಗುರದಂಥ ಗೆರೆ ಉಳಿಯುತ್ತದೆ. ಆಲ, ಅತ್ತಿಯಲ್ಲೂ ಹಾಗೇ. ಒಂದು ಎಳೆ ಕೊಂಬೆಯನ್ನು ತುದಿಯಿಂದ ಕೆಳಗೆ ಲೆನ್ಸಿನಲ್ಲಿ ನೋಡುತ್ತಾ ಬಂದರೆ ಉಂಗುರದ ಕೆಳಗೆ ಉಂಗುರ. ಪ್ರತಿ ಉಂಗುರ ಅಂದರೆ ಒಂದು ಎಲೆ ಬಿಚ್ಚಿದ ಗುರುತು.

ಇನ್ನು ದಾಸವಾಳ. ಇದನ್ನು ಬರೆಯುವಾಗ ನನಗೆ ಈಗಲೂ ಮೈ ಝುಂ ಅನ್ನುತ್ತದೆ. ಫೆಬ್ರವರಿ ಕೊನೆಗೆ ಗಿಡದ ತುದಿಯ ಎಳೆ ಮೊಗ್ಗಿನಲ್ಲಿ ಗಿಡಹೇನು ಸೇರಿಕೊಳ್ಳುತ್ತವೆ. ಎಲ್ಲರೂ ಥೂ ಅಂತ ನೀರು ಹೊಡೆದು ತೊಳೆಯುತ್ತಾರೆ, ನಾನೂ ತೊಳೆಯುತ್ತಿದ್ದೆ. ಹೋದ ವರ್ಷ ಒಂದು ಬೆಳಿಗ್ಗೆ ತೊಳೆಯುವ ಮೊದಲು ಲೆನ್ಸ್ ಇಟ್ಟೆ. ಹಸಿರು ಮೈ, ಗಾಜಿನಂತೆ ಬೆಳಕು ಹಾಯುತ್ತದೆ. ಬೆನ್ನಿನ ಹಿಂಭಾಗದಲ್ಲಿ ಎರಡು ಸಣ್ಣ ಕೊಳವೆ. ಒಂದು ದೊಡ್ಡ ಹೇನಿನ ಹಿಂದೆ ಏನೋ ನೇತಾಡುತ್ತಿತ್ತು. ಕಸ ಅಂದುಕೊಂಡೆ. ಆ ಕಸ ಕಾಲು ಆಡಿಸಿತು. ಹೇನು ಮರಿ ಹಾಕುತ್ತಿತ್ತು. ಮೊಟ್ಟೆಯಲ್ಲ, ಮರಿ. ಹಿಂಬದಿ ಮೊದಲು ಹೊರಗೆ ಬಂದು, ತಲೆ ಕೊನೆಗೆ ಬಂತು. ಆರು ಕಾಲು ಬಿಡಿಸಿಕೊಂಡು ಎಲೆಯ ಮೇಲೆ ಊರಿ ನಿಂತುಕೊಂಡು, ನಾಲ್ಕು ಹೆಜ್ಜೆ ನಡೆದು, ತಾಯಿಯ ಪಕ್ಕದಲ್ಲೇ ಕೂತಿತು. ನಾನು ಉಸಿರು ಬಿಗಿಹಿಡಿದು ನೋಡಿದೆ. ಈ ಕಾಲದಲ್ಲಿ ಗಿಡಹೇನುಗಳು ಗಂಡಿನ ನೆರವೇ ಇಲ್ಲದೆ ಹೀಗೆ ಮರಿ ಹಾಕುತ್ತಾ ಹೋಗುತ್ತವಂತೆ. ಹುಟ್ಟುವ ಮರಿಯ ಹೊಟ್ಟೆಯಲ್ಲೇ ಮುಂದಿನ ಮರಿ ಬೆಳೆಯಲು ಶುರುವಾಗಿರುತ್ತದೆ. ಎಳೆ ರಸ ಏರುವ ಕಾಲ ಇದು, ಆ ಸುದ್ದಿ ಅವುಗಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಅವತ್ತು ನೀರು ಹೊಡೆಯಲಿಲ್ಲ. ನಾಲ್ಕು ದಿನಕ್ಕೆ ಅದೇ ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳು ಕಂಡವು, ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲಿಸಿದ ಹಾಗೆ. ಗುಲಗಂಜಿ ಹುಳುವಿನ ಮೊಟ್ಟೆ ಅವು. ಮೊಟ್ಟೆಯಿಂದ ಬಂದ ಮರಿಗಳು ಹೇನುಗಳನ್ನು ಒಂದೊಂದಾಗಿ ಹಿಡಿದು ತಿಂದವು. ಗಿಡದ ತುದಿಗಳು ಸ್ವಲ್ಪ ಮುರುಟಿಕೊಂಡವು ನಿಜ, ಆದರೆ ಗಿಡ ಸಾಯಲಿಲ್ಲ, ಏಪ್ರಿಲ್‌ನಲ್ಲಿ ಎಂದಿನಂತೆ ಹೂವು ಬಿಟ್ಟಿತು.

ಊರಾಚೆಯ ಹೊಲದ ದಾರಿಯಲ್ಲಿ ಲೆನ್ಸಿಗೆ ಕೆಲಸ ಸ್ವಲ್ಪ ಕಡಿಮೆ, ಯಾಕೆಂದರೆ ಅಲ್ಲಿ ಕಣ್ಣು ತಾನೇ ದೂರ ಓಡುತ್ತದೆ. ಎಲೆ ಉದುರಿಸಿ ನಿಂತ ಮುತ್ತುಗದ ಮರಕ್ಕೆ ಬೆಂಕಿ ಹೊತ್ತಿದ ಹಾಗೆ ಹೂವು ಬಂದಿದ್ದರೆ ಅದಕ್ಕೆ ಭೂತಗನ್ನಡಿ ಯಾಕೆ, ಅಲ್ವಾ? ಆದರೂ ಬಿದ್ದ ಒಂದು ಹೂವನ್ನು ಎತ್ತಿಕೊಂಡು ನೋಡಿ. ಹೂವಿನ ಬುಡದ ಬಟ್ಟಲು ಕಡುಗಂದು ಮಖಮಲ್ಲು. ಎಸಳಿನ ಹೊರಮೈ ಮೇಲೆ ಬೆಳ್ಳಿಯ ಎಳೆಯಂಥ ರೋಮ, ಒಂದೇ ಕಡೆಗೆ ಬಾಚಿದ ಹಾಗೆ ಮಲಗಿರುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಮುತ್ತುಗದ ಹೂವಿಗೆ ಬರುವ ಹೊಳಪು ಆ ರೋಮದ್ದು. ಬೂರುಗದ ಹೂವೂ ಹಾಗೇ, ಮರದ ಮೇಲಿದ್ದಾಗ ನಮ್ಮ ಕೈಗೆ ಸಿಗುವುದಿಲ್ಲ. ಬೆಳಿಗ್ಗೆ ದೊಪ್ಪನೆ ಬಿದ್ದದ್ದನ್ನು ಎತ್ತಿ ನೋಡಬೇಕು. ಹೊಂಗೆ ಮಾತ್ರ ಕೈಗೆಟಕುತ್ತದೆ. ಹಳೆ ಎಲೆ ಉದುರಿ ಮುಗಿಯುವಷ್ಟರಲ್ಲೇ ಹೊಸ ಎಲೆ ಎಣ್ಣೆ ಸವರಿದ ಹಾಗೆ ಬಂದಿರುತ್ತದೆ. ಮಳೆಗೆ ಇನ್ನೂ ತಿಂಗಳುಗಳಿವೆ, ನೆಲ ಒಣಗಿ ಬಿರಿದಿದೆ, ಆದರೂ ಮರ ಚಿಗುರುತ್ತದೆ. ಹಳೆ ಎಲೆ ಕಳಚಿದಾಗ ನೀರಿನ ಖರ್ಚು ತಗ್ಗುತ್ತದೆ, ಬೇರು ಆಳದಿಂದ ಎಳೆದ ನೀರು ಕೊಂಬೆಯಲ್ಲಿ ಉಳಿಯುತ್ತದೆ. ಹಗಲು ಉದ್ದವಾಗುವುದನ್ನೂ ಮರ ಲೆಕ್ಕ ಹಿಡಿಯುತ್ತದೆ. ಮಾರ್ಚ್ 20ರ ಆಸುಪಾಸಿಗೆ ಹಗಲು ರಾತ್ರಿ ಸಮ ಆಗುವ ಹೊತ್ತಿಗೆ ನಮ್ಮ ಗೇಟಿನ ಹೊಂಗೆ ಪೂರ್ತಿ ಹಸಿರು.

ಹಕ್ಕಿಯ ವಿಷಯಕ್ಕೆ ಈ ಲೆನ್ಸ್ ಪ್ರಯೋಜನವಿಲ್ಲ. ಕುಟ್ರು ಹಕ್ಕಿ ಕೂಗಲು ಶುರುಮಾಡಿದ್ದು, ಕೋಗಿಲೆಯ ದನಿ ದಿನದಿಂದ ದಿನಕ್ಕೆ ಮೇಲೇರಿದ್ದು, ಕಾಗೆ ಕಡ್ಡಿ ಕಚ್ಚಿಕೊಂಡು ಹಾರಿದ್ದು, ಇವಕ್ಕೆ ಕಿವಿ ಮತ್ತು ಬರಿಗಣ್ಣು ಸಾಕು. ಲೆನ್ಸಿನಲ್ಲಿ ಮುಳುಗಿಬಿಟ್ಟರೆ ಅವು ತಪ್ಪಿಯೂ ಹೋಗುತ್ತವೆ. ನಾನು ಹತ್ತು ನಿಮಿಷ ಲೆನ್ಸ್, ಹತ್ತು ನಿಮಿಷ ಸುಮ್ಮನೆ ನಿಲ್ಲುವುದು ಅಂತ ರೂಢಿ ಮಾಡಿಕೊಂಡಿದ್ದೇನೆ.

ಈಗ ಕೊಳ್ಳುವ ವಿಷಯ. ನಾನು ಮೊದಲು ತರಿಸಿದ್ದು ಇದಲ್ಲ. ಒಂದು ಆನ್‌ಲೈನ್ ಅಂಗಡಿಯಲ್ಲಿ 30ಎಕ್ಸ್ ಅಂತ ಕವಚದ ಮೇಲೆ ಕೊರೆದಿದ್ದ ಲೆನ್ಸ್ ಅಗ್ಗಕ್ಕೆ ಸಿಕ್ಕಿತು, ಅದನ್ನೇ ತರಿಸಿದೆ. ನೋಡಿದ ತಕ್ಷಣ ಪ್ರೆಸ್ಸಿನ ಕಣ್ಣಿಗೆ ಅನುಮಾನ ಬಂತು. ಕಪ್ಪು ಅಕ್ಷರದ ಒಂದು ಅಂಚಿಗೆ ನೀಲಿ ಗೆರೆ, ಇನ್ನೊಂದು ಅಂಚಿಗೆ ಕಿತ್ತಳೆ ಗೆರೆ, ಥೇಟ್ ರಿಜಿಸ್ಟರ್ ಜಾರಿದ ಹಾಳೆಯಂತೆ. ಒಂದೇ ಗಾಜಿನ ಲೆನ್ಸಿನ ಗುಣ ಅದು. ಬೇರೆ ಬೇರೆ ಬಣ್ಣದ ಬೆಳಕನ್ನು ಒಂದೇ ಜಾಗಕ್ಕೆ ತರಲು ಅದಕ್ಕೆ ಆಗುವುದಿಲ್ಲ. ಟ್ರಿಪ್ಲೆಟ್‌ನಲ್ಲಿ ಬೇರೆ ಬೇರೆ ಗುಣದ ಗಾಜನ್ನು ಸೇರಿಸಿ ಮೂರು ತುಂಡು ಅಂಟಿಸುವುದು ಈ ದೋಷ ಕಳೆಯುವುದಕ್ಕೇ. ಗ್ರಾಫ್ ಕಾಗದದ ಮೇಲೆ ಇಟ್ಟರೆ ಅಂಚಿನ ಗೆರೆಗಳು ಬಿಲ್ಲಿನಂತೆ ಬಾಗುತ್ತಿದ್ದವು. ನಿಜವಾದ ಟ್ರಿಪ್ಲೆಟ್‌ನಲ್ಲಿ ಅಂಚಿನವರೆಗೂ ಹೆಚ್ಚುಕಡಿಮೆ ನೇರ ಇರುತ್ತವೆ.

ಎಷ್ಟು ಪಟ್ಟು ಅನ್ನುವುದನ್ನು ಮನೆಯಲ್ಲೇ ಅಳೆಯಬಹುದು. ಹಗಲು ಹೊತ್ತು ಕೋಣೆಯ ಒಳಗಡೆ ನಿಂತು, ಎದುರಿನ ಕಿಟಕಿಯಾಚೆ ದೂರದಲ್ಲಿರುವ ಮರದ ಚಿತ್ರ ಬಿಳಿ ಕಾಗದದ ಮೇಲೆ ಬೀಳುವಂತೆ ಲೆನ್ಸ್ ಹಿಡಿಯಿರಿ. ತಲೆಕೆಳಗಾದ ಪುಟ್ಟ ಚಿತ್ರ ಸ್ಪಷ್ಟವಾದಾಗ ಗಾಜಿಗೂ ಕಾಗದಕ್ಕೂ ಇರುವ ದೂರವನ್ನು ಸ್ಕೇಲಿನಲ್ಲಿ ಅಳೆಯಿರಿ. 250 ಮಿಲಿಮೀಟರನ್ನು ಆ ದೂರದಿಂದ ಭಾಗಿಸಿದರೆ ಬರುವುದೇ ಎಕ್ಸ್. 25 ಮಿಲಿಮೀಟರ್ ಬಂದರೆ 10ಎಕ್ಸ್. 30ಎಕ್ಸ್ ಆಗಬೇಕಾದರೆ ದೂರ 8 ಮಿಲಿಮೀಟರಿನ ಹತ್ತಿರ ಇರಬೇಕು. ನನಗೆ ಬಂದದ್ದರಲ್ಲಿ ಸುಮಾರು 40 ಇತ್ತು. ಅಂದರೆ 6 ಪಟ್ಟು. ವಾಪಸ್ ಕಳಿಸಿದೆ, ದುಡ್ಡು ಬಂತು, ಆದರೆ ಆ ವರ್ಷದ ಹೊಂಗೆ ಮೊಗ್ಗು ಕೈತಪ್ಪಿತು. ಅದಕ್ಕೇ ಬೇಜಾರು.

ನಿಜವಾದ 20ಎಕ್ಸ್ ಕೂಡ ಒಂದು ಸಲ ಕೇಳಿ ತಂದು ನೋಡಿದೆ. ಬೇಡ. ಕಣ್ಣು ಹೂವಿಗೆ ಒಂದು ಸೆಂಟಿಮೀಟರ್ ಹತ್ತಿರ ಹೋಗಬೇಕು, ನೆರಳು ಬೀಳುತ್ತದೆ, ಕೈ ಚೂರು ನಡುಗಿದರೂ ಎಲ್ಲ ಕಲಸಿಹೋಗುತ್ತದೆ. ಹೊರಗೆ ಗಾಳಿಯಲ್ಲಿ ನಿಂತು ನೋಡುವವರಿಗೆ 10 ಸಾಕು. ಎಲ್‌ಇಡಿ ದೀಪ ಇರುವ ಲೆನ್ಸ್ ಕೂಡ ನನಗೆ ಹಿಡಿಸಲಿಲ್ಲ. ಆ ಬೆಳಕು ನೀಲಿ ಕಡೆಗೆ ವಾಲುತ್ತದೆ, ಎಳೆ ಎಲೆಯ ತಾಮ್ರದ ಬಣ್ಣ ಸತ್ತುಹೋಗುತ್ತದೆ. ಬೆಳಗಿನ ಬಿಸಿಲಿಗಿಂತ ಒಳ್ಳೆಯ ದೀಪ ಇಲ್ಲ.

ಹಿಡಿಯುವ ಕ್ರಮ ಗೊತ್ತಿಲ್ಲದೆ ಎಷ್ಟೋ ಜನ ಇದನ್ನು ಚೆನ್ನಾಗಿಲ್ಲ ಅಂತ ಬಿಸಾಡುತ್ತಾರೆ. ಪೇಪರ್ ಓದುವ ಭೂತಗನ್ನಡಿಯಂತೆ ದೂರ ಹಿಡಿಯಬಾರದು. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ತನ್ನಿ. ಕನ್ನಡಕ ಇದ್ದರೆ ಕನ್ನಡಕಕ್ಕೆ ತಾಗುವಷ್ಟು. ಆಮೇಲೆ ಹೂವನ್ನು ನಿಧಾನಕ್ಕೆ ಲೆನ್ಸಿನ ಕಡೆಗೆ ತನ್ನಿ, ಒಂದು ಅಂಗುಲ ದೂರಕ್ಕೆ ಬಂದಾಗ ಚಿತ್ರ ಪಟ್ಟನೆ ತೆರೆದುಕೊಳ್ಳುತ್ತದೆ. ಲೆನ್ಸ್ ಹಿಡಿದ ಕೈಯನ್ನು ಕೆನ್ನೆಗೆ ಒತ್ತಿ, ಕೊಂಬೆ ಹಿಡಿದ ಕೈಯನ್ನು ಆ ಕೈಗೆ ಆನಿಸಿದರೆ ಗಾಳಿ ಬೀಸಿದರೂ ಎರಡೂ ಒಟ್ಟಿಗೆ ಅಲುಗುತ್ತವೆ, ಚಿತ್ರ ನಿಲ್ಲುತ್ತದೆ. ಇನ್ನೊಂದು ಕಣ್ಣನ್ನು ಮುಚ್ಚಬೇಡಿ, ಬೇಗ ಆಯಾಸ ಆಗುತ್ತದೆ. ಎರಡೂ ತೆರೆದೇ ನೋಡುವುದು ಒಂದು ವಾರದಲ್ಲಿ ಅಭ್ಯಾಸ ಆಗುತ್ತದೆ. ಹೂವು ಕೀಳಬೇಡಿ, ಮುಖವನ್ನೇ ಹೂವಿನ ಹತ್ತಿರ ತೆಗೆದುಕೊಂಡು ಹೋಗಿ. ಮಾವಿನ ಮರದಲ್ಲಿ ಮೊದಲು ಕೆಂಜಿಗ ಇದೆಯಾ ನೋಡಿಕೊಳ್ಳಿ, ಕಣ್ರೆಪ್ಪೆಯ ಹತ್ತಿರ ಕಚ್ಚಿದರೆ ಒಂದು ದಿನ ಉರಿ. ಸೂರ್ಯನ ಕಡೆಗೆ ಮಾತ್ರ ಯಾವತ್ತೂ ಲೆನ್ಸ್ ಎತ್ತಬೇಡಿ. ತೆರೆದಿಟ್ಟು ಒಣ ಎಲೆಗಳ ಮೇಲೆ ಬಿಟ್ಟು ಬರಬೇಡಿ, ಈ ಕಾಲದಲ್ಲಿ ಕಿಡಿ ಹೊತ್ತಿಕೊಳ್ಳಲು ಅಷ್ಟೇ ಸಾಕು.

ಕೊರತೆಗಳೂ ಇವೆ. ಕವಚದ ತಿರುಪು ಆರು ತಿಂಗಳಿಗೆ ಸಡಿಲವಾಯಿತು. ಬಿಗಿ ಮಾಡಿ ಮೇಲೊಂದು ಹನಿ ನೇಲ್ ಪಾಲಿಶ್ ಹಾಕಿದ ಮೇಲೆ ಮತ್ತೆ ಕದಲಿಲ್ಲ. ಲೋಹದ ಬಣ್ಣ ಎಲೆಗಸದಲ್ಲಿ ಬೆರೆತುಹೋಗುತ್ತದೆ, ಒಂದು ಸಲ ಹುಲ್ಲಿನಲ್ಲಿ ಬಿದ್ದು ಅರ್ಧ ಗಂಟೆ ಹುಡುಕಿದೆ. ಈಗ ಕೆಂಪು ರಿಬ್ಬನ್ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತೇನೆ. ಧೂಳು ಕೂತಾಗ ಅಂಗಿಯ ಚುಂಗಿನಿಂದ ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆ. ಮೊದಲು ಊದಿ, ಆಮೇಲೆ ಒಗೆದು ಮೆತ್ತಗಾದ ಹತ್ತಿ ಬಟ್ಟೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ.

ಲೆನ್ಸಿನ ಜೊತೆ ಒಂದು ನೋಟ್‌ಬುಕ್ ಇದ್ದರೆ ಅದರ ಬೆಲೆ ಹತ್ತು ಪಟ್ಟಾಗುತ್ತದೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಶಮ್ ಎಂಬವರು 1736ರಿಂದ ವಸಂತದ 27 ಲಕ್ಷಣಗಳನ್ನು ದಿನಾಂಕ ಹಾಕಿ ಬರೆಯುತ್ತಾ ಬಂದರು. ಮೊದಲ ಹೂವು, ಮೊದಲ ಎಲೆ, ಮೊದಲ ಕಪ್ಪೆಯ ಕೂಗು, ಮೊದಲ ಹಕ್ಕಿ. 1789ರಲ್ಲಿ ಅದು ಅಚ್ಚಾಯಿತು. ಅವರ ನಂತರ ಅವರ ಮನೆತನದವರು 1958ರವರೆಗೆ ಅದನ್ನು ಮುಂದುವರಿಸಿದರು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವು ಅರಳಿದ ದಿನಗಳ ದಾಖಲೆ 812ನೇ ಇಸವಿಯಿಂದ ಸಿಗುತ್ತದೆ. 2021ರಲ್ಲಿ ಅಲ್ಲಿ ಹೂವು ಪೂರ್ತಿ ಅರಳಿದ್ದು ಮಾರ್ಚ್ 26ಕ್ಕೆ, ಅಲ್ಲಿಯವರೆಗಿನ 1,200 ವರ್ಷಗಳ ದಾಖಲೆಯಲ್ಲೇ ಅತಿ ಬೇಗ. ಭೂಮಿ ಬಿಸಿಯಾಗುತ್ತಿದೆ ಅನ್ನುವುದಕ್ಕೆ ಹೂವೇ ಸಾಕ್ಷಿ ಹೇಳುತ್ತಿದೆ. ಯಾರ್ಯಾರೋ ತಲೆತಲಾಂತರದಿಂದ ಬರೆದಿಟ್ಟರು, ಅದಕ್ಕೆ ಇವತ್ತು ನಮಗೆ ಗೊತ್ತಾಯಿತು. ನಮ್ಮಲ್ಲಿ ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಯಾರು ಬೇಕಾದರೂ ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂವು, ಕಾಯಿ ನೋಡಿ ದಾಖಲಿಸಬಹುದು. ನಾನು ಗೇಟಿನ ಹೊಂಗೆಯನ್ನು ಆರಿಸಿಕೊಂಡಿದ್ದೇನೆ.

ನನ್ನ ತಂಗಿ ಇರುವ ಊರಿನಲ್ಲಿ ಹಿಮ ಬೀಳುತ್ತದೆ. ಅವಳೂ ಇಂಥದ್ದೇ ಒಂದು ಲೆನ್ಸ್ ಕೊಂಡಳು. ಹೋದ ಫೆಬ್ರವರಿಯಲ್ಲಿ ಅವಳ ಸಂದೇಶ ಬಂತು: "ಅಣ್ಣಾ, ಹೇಜಲ್ ಗಿಡದಲ್ಲಿ ಒಂದೂ ಎಲೆ ಇಲ್ಲ. ನೀನು ಹೇಳ್ದಂಗೆ ಮೊಗ್ಗಿನ ತುದಿಗೆ ಲೆನ್ಸ್ ಇಟ್ಟೆ. ಕೆಂಪು ದಾರದ ಕುಚ್ಚು! ಎರಡು ಮಿಲಿಮೀಟರೂ ಇಲ್ಲ." ಅದು ಹೇಜಲ್‌ನ ಹೆಣ್ಣು ಹೂವು. ಜೋತಾಡುವ ಗಂಡು ಹೂಗೊಂಚಲು ಎಲ್ಲರಿಗೂ ಕಾಣುತ್ತದೆ, ಈ ಕೆಂಪು ಕುಚ್ಚನ್ನು ಹುಡುಕಿ ನೋಡಬೇಕು. ಅವಳು ಲೆನ್ಸನ್ನು ಫೋನಿನ ಕ್ಯಾಮೆರಾಕ್ಕೆ ಒತ್ತಿ ಹಿಡಿದು ತೆಗೆದ ಫೋಟೋ ಕಳಿಸಿದ್ದಳು. ಅಂಚು ಸ್ವಲ್ಪ ಕಪ್ಪಾಗಿದ್ದರೂ ನಡುವೆ ಚೆನ್ನಾಗಿ ಬಂದಿತ್ತು.

ಅಮ್ಮನಿಗೆ 76. ಎರಡೂ ಕಣ್ಣಿಗೆ ಪೊರೆ ತೆಗೆಸಿದೆ. ಈ ಮಾರ್ಚ್‌ನಲ್ಲಿ ಜಗಲಿ ಮೇಲೆ ಕೂತಿದ್ದರು, ಬೇವಿನ ಹೂವು ಉದುರುತ್ತಿತ್ತು. ಒಂದು ಹೂವನ್ನು ಅವರ ಅಂಗೈಯಲ್ಲಿಟ್ಟು ಲೆನ್ಸ್ ಕೊಟ್ಟೆ. ಹಿಡಿಯುವುದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಏನಮ್ಮ, ಕಾಣ್ತಾ?"

"ತಡಿಯೋ, ಮಾತಾಡ್ಬೇಡ." ಸ್ವಲ್ಪ ಹೊತ್ತು ಬಿಟ್ಟು ಹೇಳಿದರು, "ನಡುವೆ ಬಿಳೀ ಕೊಳವೆ ನಿಂತಿದೆ. ಅದರ ಬಾಯಲ್ಲಿ ಸುತ್ತ ಹಳದಿ ಮಣಿ ಪೋಣಿಸ್ದಂಗಿದೆ. ನಲವತ್ತು ವರ್ಷ ಈ ಹೂವನ್ನ ಗುಡಿಸಿ ಆಚೆ ಹಾಕಿದೀನಿ. ಒಂದ್ ಸಲಾನೂ ನೋಡಿರ್ಲಿಲ್ವಲ್ಲೋ."

ಆ ಮಣಿಗಳು ಹತ್ತು, ಬೇವಿನ ಕೇಸರಗಳು ಒಂದಕ್ಕೊಂದು ಕೂಡಿಕೊಂಡೇ ಆ ಕೊಳವೆ ಆಗಿರುವುದು ಅಂತ ನಾನು ಹೇಳಿದೆ. ಅವರು ಆಗಲೇ ಎರಡನೇ ಹೂವು ಎತ್ತಿಕೊಂಡಿದ್ದರು.

ಲೆನ್ಸ್ ಈಗ ಅಮ್ಮನ ಹತ್ತಿರ ಇದೆ, ಸೆರಗಿನ ತುದಿಗೆ ರಿಬ್ಬನ್ ಸಮೇತ. ನನಗೆ ಅದೇ ಮಾದರಿಯ ಇನ್ನೊಂದನ್ನು ತರಿಸಿದ್ದೇನೆ. ನಿನ್ನೆ ಬಂತು. ಕಿಟಕಿಯ ಎದುರು ಹಿಡಿದು ಅಳೆದೆ, 25 ಮಿಲಿಮೀಟರ್. ಗ್ರಾಫ್ ಕಾಗದದಲ್ಲಿ ಗೆರೆ ನೇರ ಇದೆ, ಅಕ್ಷರದ ಅಂಚಿನಲ್ಲಿ ಬಣ್ಣ ಇಲ್ಲ. ತಿರುಪಿಗೆ ಈಗಲೇ ನೇಲ್ ಪಾಲಿಶ್ ಹಾಕಿದ್ದೇನೆ. ರಿಬ್ಬನ್ ಈ ಸಲ ನೀಲಿ.